ಸೌರ ವಾಸ್ತುಶಿಲ್ಪ: ಬಿಸಿಲನ್ನು ಕೂಡಿಡಲು ಹೊರಟ ಕಟ್ಟಡಗಳು

ಮನೆಯನ್ನು ಬೆಚ್ಚಗಿಡಲು ಅಥವಾ ಅದಕ್ಕೆ ಕರೆಂಟ್ ಒದಗಿಸಲು ಬಿಸಿಲನ್ನೇ ನೆಚ್ಚಿಕೊಂಡು ಕಟ್ಟಡ ರೂಪಿಸುವುದಕ್ಕೆ ಸೌರ ವಾಸ್ತುಶಿಲ್ಪ ಎನ್ನುತ್ತಾರೆ. ಈಗ ನಮಗೆ ಥಟ್ಟನೆ ನೆನಪಾಗುವುದು ಚಾವಣಿ ಮೇಲಿನ ಪ್ಯಾನೆಲ್, ಅಲ್ವಾ? ಅಮೆರಿಕದ ಸಂಶೋಧನಾ ಸಂಸ್ಥೆ ಬೆಲ್ ಲ್ಯಾಬ್ಸ್, ಬಿಸಿಲನ್ನು ಕರೆಂಟ್ ಆಗಿಸುವ ತನ್ನ ಸಿಲಿಕಾನ್ ಸೌರಕೋಶವನ್ನು ತೋರಿಸಿದ್ದು 1954ರಲ್ಲಿ. ಅದಕ್ಕೂ ಮೊದಲೇ ಸೌರ ಮನೆಗಳಿದ್ದವು. ಅವುಗಳಿಗೆ ಬೇಕಿದ್ದದ್ದು ಚಳಿಗಾಲಕ್ಕೆ ಶಾಖ, ಅಷ್ಟೇ.

ಶಿಕಾಗೋ ಭಾಗದ ವಾಸ್ತುಶಿಲ್ಪಿ ಜಾರ್ಜ್ ಫ್ರೆಡ್ ಕೆಕ್ 1940ರ ಹೊತ್ತಿಗೆ ಸರಳ ದಾರಿ ಹಿಡಿದರು. ದಕ್ಷಿಣಕ್ಕೆ ದೊಡ್ಡ ಗಾಜು, ಅದರ ಮೇಲೆ ಮುಂಚಾಚಿದ ಸೂರು. ಚಳಿಗಾಲದಲ್ಲಿ ಸೂರ್ಯ ತಗ್ಗಿನಲ್ಲಿ ಸಾಗುವುದರಿಂದ ಬಿಸಿಲು ಒಳಕ್ಕೆ ಬರುತ್ತದೆ. ಬೇಸಿಗೆಯಲ್ಲಿ ಎತ್ತರದಲ್ಲಿ ಸಾಗುವುದರಿಂದ ಸೂರು ಬಿಸಿಲನ್ನು ತಡೆಯುತ್ತದೆ. ಹಗಲಿಗೇನೋ ಸರಿ, ರಾತ್ರಿಗೆ? ಮುಂದಿನ ಪ್ರಯೋಗಗಳೆಲ್ಲ ಹೆಚ್ಚುಕಡಿಮೆ ಈ ಪ್ರಶ್ನೆಯ ಸುತ್ತವೇ ನಡೆದವು.

ಅಮೆರಿಕದ ತಂತ್ರಜ್ಞಾನ ವಿಶ್ವವಿದ್ಯಾಲಯ ಎಂಐಟಿಯಲ್ಲಿ ಹೋಯ್ಟ್ ಹಾಟೆಲ್ ಅವರ ತಂಡ 1939ರಲ್ಲಿ ಕಟ್ಟಿದ ಪುಟ್ಟ ಮನೆಯಲ್ಲಿ ಚಾವಣಿಯ ಗಾಜಿನ ಪೆಟ್ಟಿಗೆಗಳು ನೀರು ಕಾಯಿಸುತ್ತಿದ್ದವು. ಆ ನೀರು ನೆಲಮಾಳಿಗೆಯ ಭಾರೀ ಟ್ಯಾಂಕಿಗೆ ಹೋಗುತ್ತಿತ್ತು. ಬೇಸಿಗೆಯ ಶಾಖವನ್ನು ಚಳಿಗಾಲದವರೆಗೂ ಕಾಪಾಡುವುದು ಉದ್ದೇಶ. ಕೆಲಸವೇನೋ ಆಯಿತು, ಖರ್ಚು ಮಾತ್ರ ಗಿಟ್ಟಲಿಲ್ಲ.

ನನಗೆ ಎಲ್ಲಕ್ಕಿಂತ ಕುತೂಹಲ ಹುಟ್ಟಿಸುವುದು ಮ್ಯಾಸಚೂಸೆಟ್ಸ್‌ನ ಡೋವರ್‌ನಲ್ಲಿ 1948ರಲ್ಲಿ ಎದ್ದ ಮನೆ. ಹಂಗೇರಿಯಲ್ಲಿ ಹುಟ್ಟಿದ ವಿಜ್ಞಾನಿ ಮರಿಯಾ ಟೆಲ್ಕೆಸ್ ಅದರ ತಂತ್ರ ಯೋಚಿಸಿದರು. ಎಲೀನರ್ ರೇಮಂಡ್ ಕಟ್ಟಡ ರೂಪಿಸಿದರು. ಹಣ ಕೊಟ್ಟವರು ಅಮೇಲಿಯಾ ಪೀಬಾಡಿ. ಆ ಕಾಲದಲ್ಲಿ ಮೂವರು ಹೆಂಗಸರೇ ಸೇರಿ ನಡೆಸಿದ ಯೋಜನೆ ಇದು, ಸುಮ್ನೆ ಮಾತಲ್ಲ. ಶಾಖ ಕೂಡಿಡಲು ಟೆಲ್ಕೆಸ್ ನೀರಿನ ಬದಲು ಗ್ಲಾಬರ್ ಉಪ್ಪನ್ನು (ಒಂದು ಬಗೆಯ ಸೋಡಿಯಂ ಸಲ್ಫೇಟ್) ಆರಿಸಿಕೊಂಡರು. ಇದು ಸುಮಾರು 32 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ಕರಗುವಾಗ ಹೀರಿದ ಶಾಖವನ್ನು ಮತ್ತೆ ಗಟ್ಟಿಯಾಗುವಾಗ ಬಿಟ್ಟುಕೊಡುತ್ತದೆ. ಹಾಗಾಗಿ ನೀರಿಗಿಂತ ಕಡಿಮೆ ಜಾಗದಲ್ಲಿ ಜಾಸ್ತಿ ಶಾಖ ಕೂಡಿಡಬಹುದು. ಮೊದಲ ಚಳಿಗಾಲಗಳು ಚೆನ್ನಾಗಿಯೇ ಕಳೆದವು. ಆಮೇಲೆ ಉಪ್ಪು ಕೈಕೊಟ್ಟಿತು. ಪದೇ ಪದೇ ಕರಗಿ ಗಟ್ಟಿಯಾಗಿ, ಗಟ್ಟಿ ಭಾಗ ತಳಕ್ಕಿಳಿದು ದ್ರವ ಮೇಲುಳಿಯಿತು. ಉಪ್ಪು ತುಂಬಿದ್ದ ಡಬ್ಬಿಗಳಿಗೂ ತುಕ್ಕು ಹಿಡಿಯಿತು. ಕೆಲವೇ ವರ್ಷಗಳಲ್ಲಿ ಆ ವ್ಯವಸ್ಥೆಯನ್ನು ಕಿತ್ತುಹಾಕಿದರು. ಆದರೂ ಕರಗುವ ವಸ್ತುವಿನಲ್ಲಿ ಶಾಖ ಕೂಡಿಡುವ ವಿಚಾರದ ಮೇಲೆ ಈಗಲೂ ಸಂಶೋಧನೆ ನಡೆಯುತ್ತಲೇ ಇದೆ.

1956ರಲ್ಲಿ ನ್ಯೂ ಮೆಕ್ಸಿಕೋದ ಆಲ್ಬುಕರ್ಕಿಯಲ್ಲಿ ಬ್ರಿಜರ್ಸ್ ಮತ್ತು ಪ್ಯಾಕ್ಸ್‌ಟನ್ ಎಂಬ ಎಂಜಿನಿಯರುಗಳು ತಮ್ಮ ಆಫೀಸನ್ನೇ ಬಿಸಿಲಿನಿಂದ ಬೆಚ್ಚಗಿಟ್ಟರು.

ಫ್ರಾನ್ಸಿನ ಫೆಲಿಕ್ಸ್ ಟ್ರೋಂಬ್ ಮತ್ತು ಜಾಕ್ ಮಿಶೆಲ್ 1967ರಲ್ಲಿ ಪಿರನೀಸ್ ಬೆಟ್ಟಗಳ ಓಡೇಯೊದಲ್ಲಿ ಗೋಡೆಯನ್ನೇ ಶಾಖದ ಉಗ್ರಾಣ ಮಾಡಿದರು. ಗಾಜಿನ ಹಿಂದೆ ಕಪ್ಪು ಬಣ್ಣದ ದಪ್ಪ ಕಾಂಕ್ರೀಟ್ ಗೋಡೆ, ಅದೇ ಟ್ರೋಂಬ್ ಗೋಡೆ. ಹಗಲು ಹೀರಿದ ಬಿಸಿ ನಿಧಾನಕ್ಕೆ ಒಳಬದಿಗೆ ಸಾಗಿ, ಕತ್ತಲಾದ ಮೇಲೆ ಕೋಣೆ ಸೇರುತ್ತದೆ. ಪಂಪು, ಫ್ಯಾನು ಏನೂ ಬೇಡ. ಹೀಗೆ ಯಂತ್ರದ ಹಂಗಿಲ್ಲದೆ ನಡೆಯುವುದಕ್ಕೆ ಪ್ಯಾಸಿವ್ ಸೋಲಾರ್ ಎಂದು ಹೆಸರು. ಪಂಪು ಫ್ಯಾನು ಬಳಸಿದರೆ ಆಕ್ಟಿವ್ ಸೋಲಾರ್.

ಕರೆಂಟಿನ ಸರದಿ ಆಮೇಲೆ ಬಂತು. 1973ರಲ್ಲಿ ಡೆಲವೇರ್ ವಿಶ್ವವಿದ್ಯಾಲಯದ 'ಸೋಲಾರ್ ಒನ್' ಮನೆಯ ಚಾವಣಿ ಶಾಖ, ವಿದ್ಯುತ್ ಎರಡನ್ನೂ ಕೊಟ್ಟಿತು. 1994ರಲ್ಲಿ ವಾಸ್ತುಶಿಲ್ಪಿ ರೋಲ್ಫ್ ಡಿಶ್ ಜರ್ಮನಿಯ ಫ್ರೈಬರ್ಗ್‌ನಲ್ಲಿ ಕಟ್ಟಿದ 'ಹೀಲಿಯೋಟ್ರೋಪ್' ಸೂರ್ಯನ ಜೊತೆಗೇ ತಿರುಗುತ್ತದೆ, ತಾನು ಬಳಸುವುದಕ್ಕಿಂತ ಹೆಚ್ಚು ಶಕ್ತಿ ಉತ್ಪಾದಿಸುತ್ತದೆ. ತಿರುಗುವ ಮನೆ ನೋಡಲು ಚೆಂದವೇ. ಆದರೆ ಕೆಡುವ ಭಾಗವೇ ಇಲ್ಲದ ಟ್ರೋಂಬ್ ಗೋಡೆ ಅದಕ್ಕಿಂತ ಜಾಣತನದ್ದು ಎಂದು ನನಗನ್ನಿಸುತ್ತದೆ.