ಸ್ಟೆಂಟ್ ಹಾಕಿದ ಮೇಲೂ ರಕ್ತನಾಳ ಮತ್ತೆ ಕಿರಿದಾಗುವುದೇಕೆ?

ಹೃದಯದ ರಕ್ತನಾಳಕ್ಕೆ ಸ್ಟೆಂಟ್ (ನಾಳವನ್ನು ಒಳಗಿನಿಂದ ತೆರೆದಿಡುವ ಪುಟ್ಟ ಜಾಲರಿ) ಹಾಕಿಸಿಕೊಂಡ ಕೆಲವೇ ತಿಂಗಳಲ್ಲಿ ಮತ್ತೆ ಎದೆನೋವು ಬಂದರೆ ಎಲ್ಲರೂ ಬೈಯುವುದು ಕೊಬ್ಬನ್ನು. ಆದರೆ ಅಷ್ಟು ಬೇಗ ನಾಳ ಕಟ್ಟಿಕೊಳ್ಳುವುದಕ್ಕೆ ಸಾಮಾನ್ಯವಾಗಿ ಕಾರಣವೇ ಬೇರೆ. ಗಾಯ ಮಾಯುವ ಕೆಲಸ ಅಲ್ಲಿ ಅತಿಯಾಗಿರುತ್ತದೆ.

1977ರಲ್ಲಿ ಜ್ಯೂರಿಕ್‌ನಲ್ಲಿ ವೈದ್ಯ ಆಂಡ್ರಿಯಾಸ್ ಗ್ರುಂಟ್ಸಿಗ್ ಹೃದಯದ ರಕ್ತನಾಳದೊಳಗೆ ಪುಟ್ಟ ಬಲೂನು ಉಬ್ಬಿಸಿ ದಾರಿ ಬಿಡಿಸಿದರು. ರೋಗಿ ಎಚ್ಚರವಾಗಿಯೇ ಇದ್ದರು! ಆದರೆ ಈ ಚಿಕಿತ್ಸೆ ಪಡೆದವರಲ್ಲಿ ಸುಮಾರು ಮೂವರಲ್ಲಿ ಒಬ್ಬರಿಗೆ ನಾಳ ಮತ್ತೆ ಕಿರಿದಾಗುತ್ತಿತ್ತು. ಒಳಗೊಂದು ಆಸರೆ ಕೊಟ್ಟರೆ ಆಯ್ತಲ್ವಾ? 1986ರಲ್ಲಿ ಫ್ರಾನ್ಸ್‌ನ ಜಾಕ್ ಪ್ಯುಯೆಲ್, ಸ್ವಿಟ್ಜರ್ಲೆಂಡ್‌ನ ಉಲ್ರಿಚ್ ಸಿಗ್ವಾರ್ಟ್ ಲೋಹದ ಜಾಲರಿ, ಅಂದರೆ ಸ್ಟೆಂಟ್, ಕೂರಿಸಿದರು. ನಾಳದ ಗೋಡೆ ಒಳಕ್ಕೆ ಕುಗ್ಗುವುದು ನಿಂತಿತು. ಆದರೂ 100ರಲ್ಲಿ 20–30 ಜನರಿಗೆ ದಾರಿ ಮತ್ತೆ ಕಿರಿದಾಗುತ್ತಿತ್ತು.

ಒಳಗೆ ಆಗುವುದಿಷ್ಟು. ಬಲೂನು ಉಬ್ಬಿದಾಗ ನಾಳದ ಒಳಪದರ ಹರಿಯುತ್ತದೆ, ಜಾಲರಿಯ ಕಡ್ಡಿಗಳು ಗೋಡೆಗೆ ನಾಟುತ್ತವೆ. ಅಲ್ಲಿ ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಕಣಗಳು ಅಂಟುತ್ತವೆ, ಹಿಂದೆಯೇ ಬಿಳಿ ರಕ್ತಕಣಗಳು ಬಂದು ಸೇರುತ್ತವೆ. ಬರೀ ಬಲೂನಿನ ಗಾಯವಾದರೆ ಬೇಗ ತಣ್ಣಗಾಗುತ್ತದೆ. ಲೋಹ ಅಲ್ಲೇ ಉಳಿಯುವುದರಿಂದ ಉರಿಯೂತ ವಾರಗಟ್ಟಲೆ ಮುಂದುವರಿಯುತ್ತದೆ. ಆ ಕಣಗಳು ಬಿಡುವ ರಾಸಾಯನಿಕಗಳು ಗೋಡೆಯ ಸ್ನಾಯುಕೋಶಗಳನ್ನು ಕೆರಳಿಸುತ್ತವೆ. ಅವು ಹೆಚ್ಚುತ್ತಾ ಹೋಗಿ ಕಡ್ಡಿಗಳನ್ನೇ ಮುಚ್ಚಿ ಒಳಕ್ಕೆ ಬೆಳೆಯುತ್ತವೆ. ಕಡ್ಡಿ ಆಳಕ್ಕೆ ನಾಟಿದಷ್ಟೂ ಬೆಳವಣಿಗೆ ಜಾಸ್ತಿ.

ವಿಕಿರಣ ಕೊಟ್ಟು ಈ ಬೆಳವಣಿಗೆ ತಡೆಯುವ ಪ್ರಯತ್ನವೂ ನಡೆಯಿತು, ಹೆಚ್ಚು ಕಾಲ ನಿಲ್ಲಲಿಲ್ಲ. ದಾರಿ ಸಿಕ್ಕಿದ್ದು ಪೆಸಿಫಿಕ್ ಸಾಗರದ ಈಸ್ಟರ್ ದ್ವೀಪದ ಮಣ್ಣಿನಲ್ಲಿ. ಅಲ್ಲಿನ ಬ್ಯಾಕ್ಟೀರಿಯಾದಿಂದ ವಿಜ್ಞಾನಿ ಸುರೇಂದ್ರ ನಾಥ್ ಸೆಹಗಲ್ ಮತ್ತು ಸಂಗಡಿಗರು 1970ರ ದಶಕದಲ್ಲಿ ಸಿರೋಲಿಮಸ್ ಎಂಬ ವಸ್ತುವನ್ನು ಬೇರ್ಪಡಿಸಿದ್ದರು. ಆಗ ಅದು ಬೂಷ್ಟಿನ ವಿರುದ್ಧದ ಔಷಧ! ಕೋಶಗಳು ಹೆಚ್ಚುವುದನ್ನೇ ತಡೆಯುವ ಇದನ್ನು ಸ್ಟೆಂಟಿಗೆ ಲೇಪಿಸಲಾಯಿತು. 2002ರ ಒಂದು ಅಧ್ಯಯನದಲ್ಲಿ ಆರು ತಿಂಗಳ ಬಳಿಕ ಈ ಸ್ಟೆಂಟ್ ಹಾಕಿದ ಒಬ್ಬರಿಗೂ ನಾಳ ಕಿರಿದಾಗಿರಲಿಲ್ಲ. ಬರೀ ಲೋಹದ ಸ್ಟೆಂಟ್ ಹಾಕಿದ ಗುಂಪಿನಲ್ಲಿ 100ಕ್ಕೆ ಸುಮಾರು 27 ಜನರಿಗೆ ಆಗಿತ್ತು.

ಸಂಭ್ರಮ ತುಸು ಅವಸರದ್ದೇ ಆಯಿತು ಅನ್ನಬೇಕು. ಔಷಧ ಕೆಟ್ಟ ಬೆಳವಣಿಗೆಯ ಜೊತೆಗೆ ಒಳಪದರ ಮತ್ತೆ ಮೂಡುವುದನ್ನೂ ತಡೆಯುತ್ತಿತ್ತು. ಔಷಧ ಹಿಡಿದಿಡುವ ಪಾಲಿಮರ್ (ಪ್ಲಾಸ್ಟಿಕ್‌ನಂಥ ಲೇಪ) ಕೆಲವರಲ್ಲಿ ಹೊಸ ಉರಿಯೂತ ಎಬ್ಬಿಸಿತು. ಒಂದೆರಡು ವರ್ಷಗಳ ನಂತರವೂ ಒಮ್ಮೆಲೇ ರಕ್ತ ಹೆಪ್ಪುಗಟ್ಟಿದ ಪ್ರಕರಣಗಳು 2006ರ ಹೊತ್ತಿಗೆ ದೊಡ್ಡ ಗಲಾಟೆಯನ್ನೇ ಎಬ್ಬಿಸಿದವು. ಸ್ಟೆಂಟ್ ಹಾಕಿದ ಮೇಲೆ ತಿಂಗಳುಗಟ್ಟಲೆ ಎರಡು ಬಗೆಯ ಹೆಪ್ಪುನಿರೋಧಕ ಗುಳಿಗೆ ಕೊಡುವುದು ಇದೇ ಭಯಕ್ಕೆ. ಸುಮ್ನೆ ಬರೆದುಕೊಡುವುದಲ್ಲ.

ಈಗಿನ ಸ್ಟೆಂಟ್‌ಗಳ ಕಡ್ಡಿ ತೆಳು, ಪಾಲಿಮರ್ ಸೌಮ್ಯ. ಆದರೂ ಕೆಲವರಿಗೆ, ಅದರಲ್ಲೂ ಸಕ್ಕರೆ ಕಾಯಿಲೆಯವರಿಗೆ, ನಾಳ ಮತ್ತೆ ಕಿರಿದಾಗುತ್ತದೆ. ಅಂಥ ಕಡೆ ಈಗ ಔಷಧ ಲೇಪಿಸಿದ ಬಲೂನು ಬಳಸುವುದುಂಟು. ಅದು ಔಷಧ ಬಿಟ್ಟು ಹೊರಬರುತ್ತದೆ, ಒಳಗೆ ಇನ್ನೊಂದು ಪದರ ಲೋಹ ಉಳಿಯುವುದಿಲ್ಲ.