ಎಫ್‌ಡಿಪಿಯಲ್ಲಿ ಕೇಳಿದ್ದು ಕ್ಲಾಸಿಗೆ ಯಾಕೆ ಬರುವುದಿಲ್ಲ?

ಓದುಗರ ಪ್ರಶ್ನೆ: ನಾನು ಪದವಿ ಕಾಲೇಜಿನಲ್ಲಿ ಕಾಮರ್ಸ್ ಹೇಳಿಕೊಡುತ್ತೇನೆ. ಆಗಾಗ ಆನ್‌ಲೈನ್ ಎಫ್‌ಡಿಪಿ (ಅಧ್ಯಾಪಕರ ತರಬೇತಿ ಕೋರ್ಸು) ಮಾಡುತ್ತೇನೆ. ಕೇಳುವಾಗ ಎಲ್ಲ ಚೆನ್ನಾಗೇ ಇರುತ್ತದೆ. ಸೋಮವಾರ ಕ್ಲಾಸಿಗೆ ಹೋದರೆ ಮತ್ತೆ ಅದೇ ಬೋರ್ಡು, ಅದೇ ನೋಟ್ಸು. ಇವುಗಳಿಂದ ನಿಜವಾಗಿ ಕಲಿಯೋದು ಹೇಗೆ?

ಮೇಡಂ, ಮೊದಲು ಒಂದು ಮಾತು. ನಮ್ಮಲ್ಲಿ ಬಹಳ ಜನ ಎಫ್‌ಡಿಪಿಗೆ ಸೇರುವುದು ಬಡ್ತಿಗಾಗಿ. ಅದರಲ್ಲಿ ನಾಚಿಕೆ ಪಡುವಂಥದ್ದೇನಿಲ್ಲ. ಬಡ್ತಿಗೆ ಓರಿಯೆಂಟೇಷನ್, ರಿಫ್ರೆಶರ್ ಕೋರ್ಸುಗಳು ಬೇಕು ಅಂತ ಯುಜಿಸಿಯ 2018ರ ನಿಯಮಗಳೇ ಹೇಳುತ್ತವೆ. ಇವನ್ನು ನಡೆಸುವ ಕೇಂದ್ರಗಳ ಹೆಸರು ಮಾತ್ರ ಬದಲಾಗುತ್ತಾ ಬಂತು: ಅಕಾಡೆಮಿಕ್ ಸ್ಟಾಫ್ ಕಾಲೇಜು, ಆಮೇಲೆ ಎಚ್‌ಆರ್‌ಡಿಸಿ (ಮಾನವ ಸಂಪನ್ಮೂಲ ಅಭಿವೃದ್ಧಿ ಕೇಂದ್ರ), ಈಗ ಮಾಳವೀಯ ಮಿಷನ್ ಕೇಂದ್ರ. ಎಲ್ಲೇ ಮಾಡಿದರೂ ಅವರು ನೋಡುವುದು ನಿಮ್ಮ ಹಾಜರಾತಿ, ಅಸೈನ್‌ಮೆಂಟು, ಕೊನೆಯ ಕ್ವಿಜ್ಜು. ವಾಪಸ್ ಹೋಗಿ ಕ್ಲಾಸಿನಲ್ಲಿ ಏನು ಮಾಡಿದಿರಿ ಅಂತ ಯಾರೂ ಕೇಳುವುದಿಲ್ಲ. ಹಾಗಾಗಿ ಆ ಪ್ರಶ್ನೆಯನ್ನು ನಿಮಗೆ ನೀವೇ ಕೇಳಿಕೊಳ್ಳಬೇಕು.

ನನ್ನ ಸಲಹೆ ಸಣ್ಣದು. ಇಡೀ ಕೋರ್ಸಿನಿಂದ ಒಂದೇ ಒಂದು ವಿಷಯ ಎತ್ತಿಕೊಳ್ಳಿ. ಅದನ್ನು ಒಂದೇ ಯೂನಿಟ್ಟಿನಲ್ಲಿ, ಕೋರ್ಸು ಮುಗಿಯುವ ಮೊದಲೇ ಮಾಡಿ ನೋಡಿ. ಆನ್‌ಲೈನ್ ಎಫ್‌ಡಿಪಿಯ ಲಾಭವೇ ಇದು. ಬೆಳಿಗ್ಗೆ ಕ್ಲಾಸು, ಮಧ್ಯಾಹ್ನ ಸೆಷನ್ನು ಇದ್ದರೆ, ಎಡವಿದ ಜಾಗವನ್ನು ಅವತ್ತೇ ಸೆಷನ್ ನಡೆಸುವ ರಿಸೋರ್ಸ್ ಪರ್ಸನ್ ಹತ್ತಿರ ಕೇಳಬಹುದು. ಚಾಟ್‌ಬಾಕ್ಸಿನಲ್ಲಿ ಬರುವ ನೂರು ‘ಗುಡ್ ಆಫ್ಟರ್‌ನೂನ್ ಸರ್’ಗಳ ನಡುವೆ ಅಂಥ ಪ್ರಶ್ನೆ ಬಂದರೆ ಅವರಿಗೂ ಖುಷಿಯೇ.

ನಿಮ್ಮ ವಿಷಯದಿಂದಲೇ ಒಂದು ಉದಾಹರಣೆ ಕೊಡುತ್ತೇನೆ. ಎಫ್‌ಡಿಪಿಗಳಲ್ಲಿ ‘ಪಿಯರ್ ಇನ್‌ಸ್ಟ್ರಕ್ಷನ್’ ಅನ್ನೋ ಮಾತು ಕೇಳಿರುತ್ತೀರಿ, ಅಂದರೆ ವಿದ್ಯಾರ್ಥಿಗಳು ತಮ್ಮತಮ್ಮಲ್ಲೇ ವಾದ ಮಾಡಿ ಕಲಿಯುವುದು. ಹಾರ್ವರ್ಡ್‌ನಲ್ಲಿ ಫಿಸಿಕ್ಸ್ ಕಲಿಸುವ ಎರಿಕ್ ಮಜೂರ್ 1991ರ ಸುಮಾರಿಗೆ ಶುರು ಮಾಡಿದ ಪದ್ಧತಿ ಇದು. ಸವಕಳಿ (ಬಳಸುತ್ತಾ ಹೋದ ಹಾಗೆ ಆಸ್ತಿಯ ಬೆಲೆ ಇಳಿಯುವುದು) ಪಾಠ ಮಾಡುವಾಗ ಬೋರ್ಡಿನ ಮೇಲೆ ಹೀಗೆ ಬರೆಯಿರಿ: ಯಂತ್ರದ ಬೆಲೆ 1,00,000 ರೂಪಾಯಿ. ಇಳಿಕೆ ಮೌಲ್ಯ ಪದ್ಧತಿ (ಪ್ರತಿ ವರ್ಷ ಉಳಿದ ಬೆಲೆಯ ಮೇಲೆ ಲೆಕ್ಕ), ಶೇ. 10. ಎರಡನೇ ವರ್ಷದ ಸವಕಳಿ ಎಷ್ಟು? ಉತ್ತರಗಳು: (1) 10,000, (2) 9,000, (3) 19,000. ಒಂದು ನಿಮಿಷ ಯಾರೂ ಮಾತಾಡಬಾರದು. ಆಮೇಲೆ ಎಲ್ಲರೂ ಒಟ್ಟಿಗೆ ತಮ್ಮ ಉತ್ತರದ ಸಂಖ್ಯೆಯಷ್ಟು ಬೆರಳು ತೋರಿಸಬೇಕು, ಎದೆಯ ಹತ್ತಿರ ಹಿಡಿದು, ಪಕ್ಕದವರಿಗೆ ಕಾಣದ ಹಾಗೆ. ಮೊಬೈಲೂ ಬೇಡ, ಆ್ಯಪೂ ಬೇಡ.

ಈಗ ಕ್ಲಾಸು ನಿಮಗೆ ಕಾಣಿಸುತ್ತದೆ. 10,000 ಅಂದವರು ಇನ್ನೂ ನೇರ ಪದ್ಧತಿಯಲ್ಲೇ (ಪ್ರತಿ ವರ್ಷ ಅದೇ ಮೊತ್ತ) ಇದ್ದಾರೆ. 19,000 ಅಂದವರು ಎರಡೂ ವರ್ಷದ್ದನ್ನು ಕೂಡಿಸಿದ್ದಾರೆ. 9,000 ಸರಿ, ಯಾಕೆಂದರೆ ಎರಡನೇ ವರ್ಷ ಲೆಕ್ಕ ಶುರುವಾಗುವುದು 90,000ದಿಂದ. ಆದರೆ ಇದನ್ನು ನೀವು ಹೇಳಬೇಡಿ. ಬೇರೆ ಉತ್ತರ ಕೊಟ್ಟವರ ಜೊತೆ ಎರಡು ನಿಮಿಷ ವಾದ ಮಾಡಿ ಅನ್ನಿ, ಮತ್ತೆ ಬೆರಳು ಎತ್ತಿಸಿ. ಹೆಚ್ಚುಕಮ್ಮಿ ಎಲ್ಲರೂ ಮೊದಲ ಸಲವೇ ಸರಿ ಹೇಳಿಬಿಟ್ಟರೆ ಚರ್ಚೆ ಬೇಡ, ಮುಂದೆ ಹೋಗಿ. ತೀರಾ ಕಡಿಮೆ ಜನ ಹೇಳಿದರೆ ನೀವೇ ಇನ್ನೊಮ್ಮೆ ವಿವರಿಸಬೇಕು. ಅರ್ಧಂಬರ್ಧ ಜನ ಸರಿ ಇದ್ದಾಗಲೇ ಈ ಆಟಕ್ಕೆ ಬೆಲೆ.

ಒಂದು ಎಚ್ಚರಿಕೆ. ಹುಡುಗರು ಗೊಣಗಬಹುದು: “ಮೇಡಂ, ಸುಮ್ನೆ ನೋಟ್ಸ್ ಕೊಟ್ಬಿಡಿ.” ಹಾರ್ವರ್ಡ್‌ನ ಫಿಸಿಕ್ಸ್ ತರಗತಿಗಳಲ್ಲೇ ನಡೆಸಿ 2019ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ, ತಾವೇ ಲೆಕ್ಕ ಬಿಡಿಸುತ್ತಾ ಕಲಿತವರು ಪರೀಕ್ಷೆಯಲ್ಲಿ ಜಾಸ್ತಿ ಅಂಕ ತೆಗೆದರು. ಆದರೆ ಹೆಚ್ಚು ಕಲಿತೆವು ಅನ್ನಿಸಿದ್ದು ಸೊಗಸಾದ ಉಪನ್ಯಾಸ ಕೇಳಿ ಕೂತವರಿಗೆ! ಎಫ್‌ಡಿಪಿಯಲ್ಲಿ ನಾವೂ ಅವರ ಹಾಗೇ. ನಿರರ್ಗಳವಾಗಿ ಮಾತಾಡಿದವರಿಗೆ ಫೀಡ್‌ಬ್ಯಾಕ್ ಫಾರ್ಮಿನಲ್ಲಿ ಐದಕ್ಕೆ ಐದು ಕೊಡುತ್ತೇವೆ, ನಮ್ಮ ಕೈಲಿ ಕೆಲಸ ಮಾಡಿಸಿದವರಿಗೆ ಮೂರು. ಆ ಮೂರು ಕೊಟ್ಟ ಸೆಷನ್ ಯಾವುದು ಅಂತ ನೆನಪಿಟ್ಟುಕೊಳ್ಳಿ. ನಿಮಗೆ ಬೇಕಾದ ವಿಷಯ ಬಹುಶಃ ಅಲ್ಲೇ ಸಿಗುತ್ತದೆ.

ಆನ್‌ಲೈನ್ ಪಾಠಕ್ಕೂ ಇದೇ ಲೆಕ್ಕ. ಎಡ್‌ಎಕ್ಸ್ ಅನ್ನೋ ಆನ್‌ಲೈನ್ ಕಲಿಕಾ ತಾಣದ ಕೋರ್ಸುಗಳ 69 ಲಕ್ಷ ವೀಕ್ಷಣೆಗಳನ್ನು 2014ರಲ್ಲಿ ಪರಿಶೀಲಿಸಿದಾಗ, ವಿಡಿಯೊ ಎಷ್ಟೇ ಉದ್ದ ಇದ್ದರೂ ಜನ ನೋಡಿದ್ದು ಸಾಮಾನ್ಯವಾಗಿ 6 ನಿಮಿಷ ಮೀರಿರಲಿಲ್ಲ. ನೋಡಿದ್ದು ಅಂದರೆ ಕಲಿತದ್ದು ಅಂತಲ್ಲ, ಆ ವ್ಯತ್ಯಾಸ ಮರೆಯಬಾರದು. ಆದರೂ ಒಂದು ಗಂಟೆಯ ಪಾಠವನ್ನು ಹಾಗೇ ರೆಕಾರ್ಡ್ ಮಾಡಿ ವಾಟ್ಸಾಪ್ ಗುಂಪಿಗೆ ಹಾಕುವ ಮೊದಲು ಯೋಚಿಸಿ. ಚಿಕ್ಕ ವಿಡಿಯೊ, ಅದರ ಕೆಳಗೆ ಎರಡು ಪ್ರಶ್ನೆ ಸಾಕು.

ಎಫ್‌ಡಿಪಿಯಲ್ಲಿ ಹೇಳಿದ್ದೆಲ್ಲ ವೇದವಾಕ್ಯವೂ ಅಲ್ಲ. ಒಬ್ಬ ವಿದ್ಯಾರ್ಥಿ ನೋಡಿ ಕಲಿಯುತ್ತಾನೆ, ಇನ್ನೊಬ್ಬ ಕೇಳಿ, ಮತ್ತೊಬ್ಬ ಮಾಡಿ, ಹಾಗಾಗಿ ಆಯಾ ಶೈಲಿಗೆ ತಕ್ಕಂತೆ ಪಾಠ ಮಾಡಿ ಅಂತ ಹೇಳುವವರು ಈಗಲೂ ಇದ್ದಾರೆ. ಹಾಗೆ ವಿಂಗಡಿಸಿ ಕಲಿಸಿದರೆ ಕಲಿಕೆ ಹೆಚ್ಚುತ್ತದೆ ಅನ್ನೋದಕ್ಕೆ ಸಾಕಷ್ಟು ಪುರಾವೆ ಇಲ್ಲ ಅಂತ ಮನಃಶಾಸ್ತ್ರಜ್ಞರು 2008ರಲ್ಲೇ ಬರೆದಿದ್ದರು. ಆ ಸ್ಲೈಡ್ ಬಂದಾಗ ಕಾಫಿ ಮಾಡಿಕೊಂಡು ಬನ್ನಿ.

“ಸಿಲಬಸ್ ಮುಗಿಯಬೇಕಲ್ಲ?” ಅಂತ ಕೇಳುತ್ತೀರಿ, ಅಲ್ವಾ? ಮೇಲಿನ ಪ್ರಶ್ನೆಯನ್ನು ಹತ್ತು ನಿಮಿಷದೊಳಗೆ ಮುಗಿಸಬಹುದು. ಸವಕಳಿಯ ವ್ಯಾಖ್ಯೆ, ಕಾರಣ, ಗುಣಲಕ್ಷಣ ಎಲ್ಲ ಪಠ್ಯಪುಸ್ತಕದಲ್ಲೇ ಇವೆ. ಅವನ್ನು ಬರೆಸುವುದು ಬಿಟ್ಟುಬಿಡಿ, ಪುಟದ ಸಂಖ್ಯೆ ಕೊಡಿ. ಸಮಯ ಅಲ್ಲೇ ಸಿಗುತ್ತದೆ.