ರಾಣಿ ಅತ್ತರಾ, ಇಲ್ವಾ? ‘ದಿ ಕ್ರೌನ್’ ಜಗಳ ಬೆಳೆದು ಬಂದ ಬಗೆ

ಮೂರನೇ ಸೀಸನ್‌, ಮೂರನೇ ಕಂತು. ಬ್ರಿಟನ್ನಿನ ರಾಣಿ ಎರಡನೇ ಎಲಿಜಬೆತ್ ಬದುಕಿನ ಮೇಲೆ ನೆಟ್‌ಫ್ಲಿಕ್ಸ್ ಮಾಡಿದ ಸೀರೀಸ್ ‘ದಿ ಕ್ರೌನ್’. ವೇಲ್ಸ್‌ನ ಅಬರ್‌ಫ್ಯಾನ್ ಎಂಬ ಗಣಿ ಊರು. ಗುಡ್ಡದ ಮೇಲೆ ಸುರಿದಿದ್ದ ಕಲ್ಲಿದ್ದಲು ಗಣಿಯ ಕಸದ ರಾಶಿ ಜಾರಿ ಬಂದು ಶಾಲೆಯನ್ನೇ ಮುಚ್ಚಿಹಾಕುತ್ತದೆ. ಇದು 1966ರ ಅಕ್ಟೋಬರ್ 21ರಂದು ನಿಜವಾಗಿ ನಡೆದದ್ದು. ಸತ್ತವರು 144 ಜನ, ಅವರಲ್ಲಿ 116 ಮಕ್ಕಳು. ರಾಣಿ ಎಲಿಜಬೆತ್ ಅಲ್ಲಿಗೆ ಹೋದದ್ದು ಎಂಟು ದಿನ ಕಳೆದ ಮೇಲೆ. ಅದೂ ನಿಜ.

ಸೀರೀಸ್‌ನಲ್ಲಿ ರಾಣಿ ಅಲ್ಲಿ ಕರವಸ್ತ್ರ ತೆಗೆದು ಕಣ್ಣೊರೆಸಿಕೊಳ್ಳುತ್ತಾರೆ. ವಾಪಸ್ ಬಂದು ಪ್ರಧಾನಿ ಹೆರಾಲ್ಡ್ ವಿಲ್ಸನ್ ಮುಂದೆ ಕೂತು, ನನಗೆ ಅಳು ಬಂದಿರಲಿಲ್ಲ, ಒಣಗಿದ ಕಣ್ಣನ್ನೇ ಒರೆಸಿಕೊಂಡೆ ಎನ್ನುತ್ತಾರೆ. ಕೋಣೆಯಲ್ಲಿರುವುದು ಇಬ್ಬರೇ. ರಾಣಿ ಮತ್ತು ಪ್ರಧಾನಿಯ ವಾರದ ಭೇಟಿಯಲ್ಲಿ ಆಡಿದ ಮಾತನ್ನು ಯಾರೂ ಬರೆದಿಡುತ್ತಿರಲಿಲ್ಲ. ಹಾಗಾದರೆ ಈ ಮಾತು ಎಲ್ಲಿಂದ ಬಂತು? ಬರೆದವರ ತಲೆಯಿಂದ.

‘ದಿ ಕ್ರೌನ್’ ಬಗ್ಗೆ ನೋಡುಗರು ಏಳು ವರ್ಷ ಆಡಿದ ಜಗಳದ ಬೇರು ಇರುವುದು ಇಂಥ ಮುಚ್ಚಿದ ಬಾಗಿಲಿನ ಕೋಣೆಗಳಲ್ಲೇ.

ಬ್ರಿಟನ್ನಿನಲ್ಲಿ ರಾಣಿಯರನ್ನು ರಂಗಕ್ಕೆ ತರುವ ತಕರಾರು ಹಳೆಯದು. ನಾಟಕಗಳಿಗೆ ಪರವಾನಗಿ ಕೊಡುತ್ತಿದ್ದದ್ದು ಅರಮನೆಯದೇ ಒಬ್ಬ ಅಧಿಕಾರಿ. 1901ರಲ್ಲಿ ತೀರಿಕೊಂಡ ವಿಕ್ಟೋರಿಯಾ ಅಲ್ಲಿನ ರಂಗದ ಮೇಲೆ ಕಾಣಿಸಿಕೊಳ್ಳಲು 1937ರವರೆಗೆ ಕಾಯಬೇಕಾಯಿತು. ನಾಟಕಗಳ ಆ ಸೆನ್ಸಾರ್ ಹೋದದ್ದು 1968ರಲ್ಲಿ. 1971ರಲ್ಲಿ ಬಿಬಿಸಿ ಮೊದಲನೇ ಎಲಿಜಬೆತ್ ಮೇಲೆ ಆರು ಕಂತು ಮಾಡಿತು. ಆಕೆ ಹೋಗಿ ಮುನ್ನೂರೈವತ್ತು ವರ್ಷ ದಾಟಿತ್ತು, ನಾನು ಕಂಡಿದ್ದೇ ಬೇರೆ ಎನ್ನಲು ಯಾರಿದ್ದರು? ಬದುಕಿರುವ ರಾಣಿಯ ಕಥೆಯನ್ನು ಪೀಟರ್ ಮಾರ್ಗನ್ 2006ರಲ್ಲಿ ಸಿನಿಮಾಕ್ಕೆ, 2013ರಲ್ಲಿ ನಾಟಕಕ್ಕೆ ಬರೆದರು. 2016ರ ನವೆಂಬರ್‌ನಲ್ಲಿ ಅದೇ ಕೈಯಿಂದ ನೆಟ್‌ಫ್ಲಿಕ್ಸ್‌ಗೆ ಈ ಸೀರೀಸ್ ಬಂತು.

ಮೊದಲೆರಡು ಸೀಸನ್‌ಗಳನ್ನು ಜನ ಹೊಗಳಿದ್ದೇ ಹೊಗಳಿದ್ದು. ಕ್ಲೇರ್ ಫಾಯ್ ನಟನೆ, ಉಡುಪು, ಆ ದೊಡ್ಡ ದೊಡ್ಡ ಹಜಾರಗಳು. ಆಗ ಕಲ್ಪನೆ ಇರಲಿಲ್ಲ ಅಂತಲ್ಲ. 1952ರ ಡಿಸೆಂಬರ್‌ನಲ್ಲಿ ಲಂಡನ್ನಿಗೆ ಕವಿದ ವಿಷದ ಮಂಜಿನ ಕಂತು ನೆನಪಿರಬಹುದು. ಚರ್ಚಿಲ್ ಕಚೇರಿಯ ಚುರುಕಿನ ಹುಡುಗಿ ವೆನೀಷಿಯಾ ಮಂಜಿನಲ್ಲಿ ಬಸ್ಸಿಗೆ ಸಿಕ್ಕಿ ಸಾಯುತ್ತಾಳೆ, ಮುದುಕ ಪ್ರಧಾನಿಯ ಮನಸ್ಸು ಕರಗುತ್ತದೆ. ಅಂಥ ಹುಡುಗಿ ಇರಲೇ ಇಲ್ಲ. ಎರಡನೇ ಸೀಸನ್‌ನಲ್ಲಿ ರಾಣಿಯ ಗಂಡ ಫಿಲಿಪ್ ಹುಡುಗನಾಗಿದ್ದಾಗ ಶಾಲೆಯಲ್ಲಿ ಮಾಡಿಕೊಂಡ ರಗಳೆಯಿಂದಾಗಿಯೇ ಅವರ ಅಕ್ಕ 1937ರ ವಿಮಾನ ಅಪಘಾತದಲ್ಲಿ ಸತ್ತರು ಎಂಬ ಹಾಗೆ ತೋರಿಸಿದರು. ಅಪಘಾತ ನಿಜ, ಕಾರಣ ಕಟ್ಟಿದ್ದು. ಒಬ್ಬ ಮನುಷ್ಯನ ಮೇಲೆ ಇದಕ್ಕಿಂತ ಭಾರದ ಆರೋಪ ಬೇಕಾ? ಆದರೂ ಆಗ ‘ಇದು ಕಲ್ಪನೆ ಎಂದು ಬರೆದು ಹಾಕಿ’ ಎಂದು ಸಚಿವರು ಯಾರೂ ಎದ್ದು ನಿಲ್ಲಲಿಲ್ಲ. 2018ರಲ್ಲಿ ಎದ್ದ ದೊಡ್ಡ ಗಲಾಟೆಗೂ ಇತಿಹಾಸಕ್ಕೂ ಸಂಬಂಧವೇ ಇರಲಿಲ್ಲ. ರಾಣಿ ಪಾತ್ರದ ಫಾಯ್‌ಗಿಂತ ಗಂಡನ ಪಾತ್ರದ ಮ್ಯಾಟ್ ಸ್ಮಿತ್‌ಗೆ ಸಂಬಳ ಜಾಸ್ತಿ ಇತ್ತು ಎಂಬುದು ಹೊರಬಿದ್ದಿತ್ತು.

2019ರಲ್ಲಿ ಪಾತ್ರಧಾರಿಗಳು ಬದಲಾದರು. ಎರಡು ಸೀಸನ್‌ಗೊಮ್ಮೆ ಹೊಸ ಮುಖ ಎಂಬುದು ಮೊದಲೇ ಹಾಕಿಕೊಂಡ ಲೆಕ್ಕ. ಫಾಯ್ ಕಣ್ಣು ನೀಲಿ, ಒಲಿವಿಯಾ ಕೋಲ್ಮನ್ ಕಣ್ಣು ಕಂದು. ಲೆನ್ಸ್ ಹಾಕಿ ನೋಡಿದರು, ಕಂಪ್ಯೂಟರಿನಲ್ಲಿ ಬಣ್ಣ ಬದಲಿಸಿ ನೋಡಿದರು. ಯಾವುದೂ ಕೂಡಿ ಬರದೆ ಕಂದು ಕಣ್ಣೇ ಉಳಿಯಿತು. ಆ ಸೀಸನ್ ಶುರುವಾಗುವುದೇ ಅಂಚೆಚೀಟಿಯಿಂದ. ಹಳೆಯ ಚೀಟಿಯಲ್ಲಿ ಫಾಯ್ ಮುಖ, ಹೊಸದರಲ್ಲಿ ಕೋಲ್ಮನ್ ಮುಖ, ಎರಡನ್ನೂ ಅಕ್ಕಪಕ್ಕ ಇಟ್ಟು ರಾಣಿಗೆ ತೋರಿಸುತ್ತಾರೆ. ನೋಡುಗರ ಗೊಣಗಾಟಕ್ಕೆ ಮುಂಚೆಯೇ ಕೊಟ್ಟ ಉತ್ತರ ಅದು. ನನಗಂತೂ ಇಡೀ ಸೀರೀಸ್‌ನ ಜಾಣ ದೃಶ್ಯ ಅದೇ.

ನಿಜವಾದ ತಿರುವು 2020ರ ನವೆಂಬರ್. ನಾಲ್ಕನೇ ಸೀಸನ್‌ನಲ್ಲಿ ರಾಣಿಯ ಮಗ ಚಾರ್ಲ್ಸ್‌ನ ಕೈಹಿಡಿದ ಡಯಾನಾ ಬಂದರು. ಹತ್ತೊಂಬತ್ತರ ಹುಡುಗಿ, ಕಿವಿಗೆ ವಾಕ್‌ಮನ್ ಹಾಕಿಕೊಂಡು, ಯಾರೂ ಇಲ್ಲದ ಅರಮನೆಯ ಹಜಾರದಲ್ಲಿ ಸ್ಕೇಟಿಂಗ್ ಮಾಡುತ್ತಾಳೆ. ಎಮ್ಮಾ ಕೋರಿನ್ ಅದನ್ನು ಎಷ್ಟು ಚೆನ್ನಾಗಿ ಮಾಡಿದರೆಂದರೆ ಡಯಾನಾ ತೀರಿಕೊಂಡ ಮೇಲೆ ಹುಟ್ಟಿದವರಿಗೂ ಆಕೆ ಗೊತ್ತಿರುವ ಹುಡುಗಿಯಾಗಿಬಿಟ್ಟಳು. ಚಾರ್ಲ್ಸ್ ಮೇಲೆ ಸಿಟ್ಟೂ ಬಂತು. ಅಲ್ಲಿಗೆ ನೋಡುಗರು ಎರಡು ಪಾಳಯವಾದರು. ಆ ದಿನಗಳನ್ನು ಪತ್ರಿಕೆಗಳಲ್ಲಿ ಓದುತ್ತಾ ಬೆಳೆದವರು ‘ಹೀಗಿರಲಿಲ್ಲ’ ಅಂದರು. ಮೊದಲ ಸಲ ನೋಡುವವರು ‘ಹೀಗಾ ಮಾಡೋದು?’ ಅಂದರು.

1979ರಲ್ಲಿ ಬಾಂಬಿಗೆ ಬಲಿಯಾದ, ಫಿಲಿಪ್‌ರ ಸೋದರಮಾವ ಮೌಂಟ್‌ಬ್ಯಾಟನ್, ಸಾಯುವ ಮುಂಚೆ ಚಾರ್ಲ್ಸ್‌ಗೆ ಬುದ್ಧಿಹೇಳಿ ಬರೆದ ಕಾಗದವೊಂದು ಈ ಸೀಸನ್‌ನಲ್ಲಿದೆ. ಅದು ತಮ್ಮ ಕಲ್ಪನೆ ಎಂದು ಬರೆದವರೇ ಒಪ್ಪಿಕೊಂಡರು. ಸಂಸ್ಕೃತಿ ಸಚಿವ ಆಲಿವರ್ ಡೌಡನ್, ಇದು ಕಟ್ಟುಕಥೆ ಎಂದು ಶುರುವಿನಲ್ಲೇ ಹಾಕಬೇಕು ಎಂದರು. ನೋಡುಗರಿಗೆ ಅದು ಗೊತ್ತೇ ಇದೆ, ಹಾಕುವುದಿಲ್ಲ ಎಂದಿತು ನೆಟ್‌ಫ್ಲಿಕ್ಸ್. ಡಯಾನಾಳ ಬುಲಿಮಿಯಾ (ಅತಿಯಾಗಿ ತಿಂದು ವಾಂತಿ ಮಾಡಿಕೊಳ್ಳುವ ಕಾಯಿಲೆ) ತೋರಿಸುವ ಕಂತುಗಳಿಗೆ ಮಾತ್ರ ಮುನ್ನೆಚ್ಚರಿಕೆ ಇತ್ತು. ಮರುವರ್ಷ ಅಮೆರಿಕದ ಟಿವಿ ಪ್ರಶಸ್ತಿಯಾದ ಎಮ್ಮಿಯಲ್ಲಿ ಇದೇ ಸೀಸನ್ ಅತ್ಯುತ್ತಮ ಡ್ರಾಮಾ ಪ್ರಶಸ್ತಿ ಗೆದ್ದಿತು.

2022ರ ಸೆಪ್ಟೆಂಬರ್ 8ರಂದು ರಾಣಿ ತೀರಿಕೊಂಡರು. ಐದನೇ ಸೀಸನ್ ಬರಲು ಎರಡು ತಿಂಗಳು ಬಾಕಿ. ಮನೆಯಲ್ಲಿ ಸೂತಕ ಕಳೆಯುವ ಮುಂಚೆಯೇ ಹಳೇ ಜಗಳ ಎತ್ತಿದ ಹಾಗಾಯಿತು. ಈ ಸಲ ಚಾರ್ಲ್ಸ್ 1991ರಲ್ಲಿ ಪ್ರಧಾನಿ ಜಾನ್ ಮೇಜರ್ ಹತ್ತಿರ ತಾಯಿ ಪಟ್ಟ ಬಿಡುವ ವಿಷಯ ಎತ್ತಿದಂತೆ ತೋರಿಸಿದ್ದರು. ಮತ್ತೆ ಇಬ್ಬರೇ ಇರುವ ಕೋಣೆ. ವ್ಯತ್ಯಾಸ ಏನೆಂದರೆ ಆ ಇಬ್ಬರೂ ಬದುಕಿದ್ದರು. ಅಂಥ ಮಾತು ನಡೆದೇ ಇಲ್ಲ, ಶುದ್ಧ ಅಸಂಬದ್ಧ ಎಂದು ಮೇಜರ್ ಕಡೆಯಿಂದ ಉತ್ತರ ಬಂತು. ನಟಿ ಜೂಡಿ ಡೆಂಚ್ ಪತ್ರಿಕೆಗೆ ಕಾಗದ ಬರೆದು, ಕಲ್ಪನೆ ಎಂದು ಪ್ರತಿ ಕಂತಿಗೂ ಹಾಕಿ ಎಂದರು. (ಅವರೇ ಎರಡು ಸಿನಿಮಾಗಳಲ್ಲಿ ವಿಕ್ಟೋರಿಯಾ ಆಗಿದ್ದವರು. ಅಲ್ಲೂ ಮುಚ್ಚಿದ ಕೋಣೆಗಳಿಗೇನೂ ಕಮ್ಮಿ ಇರಲಿಲ್ಲ.) ಕೊನೆಗೆ ಯೂಟ್ಯೂಬ್‌ನಲ್ಲಿ ಟ್ರೇಲರ್ ಕೆಳಗಿನ ವಿವರದಲ್ಲಿ, ನಿಜ ಘಟನೆಗಳಿಂದ ಪ್ರೇರಿತವಾದ ಕಲ್ಪಿತ ನಾಟಕ ಎಂಬ ಸಾಲು ಬಂತು. ಅಲ್ಲಿಗೆ ಹೋಗಿ ಅದನ್ನು ಓದುವವರು ಎಷ್ಟು ಜನವೋ!

ವೆನೀಷಿಯಾ ಇದ್ದಳೋ ಇಲ್ಲವೋ ಎಂದು ಕೇಳದವರು ಮೇಜರ್ ಏನಂದರು ಎಂದು ಕೇಳಿದರು. ಸೀರೀಸ್ ಕಥೆ ಕಟ್ಟುವ ರೀತಿ ಮೊದಲಿಂದ ಕೊನೆವರೆಗೂ ಒಂದೇ. ಬದಲಾದದ್ದು ಕಥೆಗೂ ನೋಡುಗರ ನೆನಪಿಗೂ ಇದ್ದ ದೂರ.

2023ರ ಆರನೇ ಸೀಸನ್‌ನಲ್ಲಿ, ಸತ್ತ ಮೇಲೂ ಡಯಾನಾ ವಿಮಾನದಲ್ಲಿ ಬಂದು ಚಾರ್ಲ್ಸ್ ಎದುರು ಕೂತು ಮಾತಾಡುತ್ತಾರೆ. ಬಹಳ ಜನ ನಕ್ಕರು, ಕೆಲವರಿಗೆ ಕೋಪ ಬಂತು. ನನಗೆ ಅದು ಹೆಚ್ಚು ಪ್ರಾಮಾಣಿಕ ಅನ್ನಿಸಿತು. ದೆವ್ವ ಆಡಿದ ಮಾತನ್ನು ದಾಖಲೆ ಅಂತ ಯಾರೂ ನಂಬುವುದಿಲ್ಲವಲ್ಲ. ಕೊನೆಯ ಕಂತಿನಲ್ಲಿ ಇಮೆಲ್ಡಾ ಸ್ಟಾಂಟನ್ ಅವರ ಮುದುಕಿ ರಾಣಿ ತನ್ನ ಹಳೆಯ ರೂಪಗಳ ಜತೆ ಮಾತಾಡುತ್ತಾರೆ. ಫಾಯ್, ಕೋಲ್ಮನ್ ಇಬ್ಬರೂ ಬರುತ್ತಾರೆ. ಕಥೆ 2005ರಲ್ಲಿ, ಚಾರ್ಲ್ಸ್-ಕ್ಯಾಮಿಲಾ ಮದುವೆಯ ಹೊತ್ತಿಗೆ ನಿಲ್ಲುತ್ತದೆ. ರಾಣಿಯ ಉಳಿದ 17 ವರ್ಷವನ್ನು ಸೀರೀಸ್ ಮುಟ್ಟಲೇ ಇಲ್ಲ.